ಮಳೆಗಾಲದ ಡಬ್ಬಿ

ಡೊಂಬಿವಲಿ, ಜೂನ್ 2

ಮಗಳೇ,

ಮುಂಬೈನ ಕುರ್ಲಾದಲ್ಲಿ ಮನೆ ಹಿಡಿದೆ ಅಂದಾಗ ನಾ ಬಾಡಿಗೆ ಕೇಳಲಿಲ್ಲ, ಎಷ್ಟನೇ ಮಹಡಿ ಅಂತ ಕೇಳಿದೆ. ನೀ ನಕ್ಕುಬಿಟ್ಟೆ. 2005ರ ಜುಲೈ 26 ನಿನಗೆಲ್ಲಿ ನೆನಪಿರಬೇಕು, ಆಗ ನಿನಗೆ ಮೂರು ವರ್ಷ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿತು, ನಮ್ಮ ಲೋಕಲ್ ರೈಲು ಕುರ್ಲಾದ ಹತ್ತಿರವೇ ನಿಂತಿತು. ಗುರುತಿಲ್ಲದ ಒಬ್ಬ ಹೆಣ್ಣುಮಗಳು ತನ್ನ ಖೋಲಿಗೆ ಕರೆದೊಯ್ದು, ಪಾವ್ ಚಹಾದಲ್ಲಿ ಅದ್ದಿ ನಿನಗೆ ತಿನ್ನಿಸಿದಳು. ಮನೆಯಲ್ಲಿ ಜೋಳದ ರೊಟ್ಟಿ, ಅನ್ನ ಉಣ್ಣುತ್ತಿದ್ದ ಕೂಸು ಎರಡು ದಿನ ಪಾವ್, ಬಿಸ್ಕಿಟ್ ಮೇಲೆಯೇ ಇತ್ತು. ಆಮೇಲೆ ವಾರಗಟ್ಟಲೆ ಹೊಟ್ಟೆ ಉಬ್ಬರ, ಭೇದಿ. ಮಳೆನೀರಿನ ದೋಷ ಅಂದುಕೊಂಡೆವು. ಅದು ಸೀಲಿಯಾಕ್ ಕಾಯಿಲೆ, ಗೋಧಿಯೊಳಗಿನ ಗ್ಲೂಟೆನ್ ಅನ್ನುವ ಪ್ರೋಟೀನ್ ನಿನ್ನ ಸಣ್ಣ ಕರುಳನ್ನೇ ಕೆಡಿಸುತ್ತದೆ ಅಂತ ತಿಳಿಯಲು ಇನ್ನೂ ನಾಲ್ಕು ವರ್ಷ ಹಿಡಿಯಿತು.

ಆ ತಾಯಿಯ ಋಣ ದೊಡ್ಡದು. ಆದರೆ ನೀರು ನಿಂತಾಗ ಈ ಊರಲ್ಲಿ ಹಂಚುವುದೆಲ್ಲ ಹೆಚ್ಚುಕಡಿಮೆ ಗೋಧಿಯೇ. ಹಸಿದಾಗ ಬೇಡ ಅನ್ನುವುದು ಕಷ್ಟ, ಮಗಳೇ. ನಿನ್ನ ಡಬ್ಬಿ ನಿನ್ನ ಹತ್ತಿರವೇ ಇರಲಿ.

ಇದರ ಜೊತೆ ಐವತ್ತು ಕಡಕ್ ರೊಟ್ಟಿ ಕಳಿಸಿದ್ದೇನೆ. ಜೋಳ ಗಿರಣಿಗೆ ಕೊಡಲಿಲ್ಲ. ಗೋಧಿ ಬೀಸಿದ ಕಲ್ಲಲ್ಲೇ ಅದನ್ನೂ ಬೀಸುತ್ತಾರೆ. ಮನೆಯ ಘರ್‌ಘಂಟಿಯಲ್ಲಿ ಬೀಸಿ, ತೆಳ್ಳಗೆ ಬಡಿದು, ಹಂಚಿನ ಸುತ್ತ ಒರಗಿಸಿ ಒಣಗಿಸಿದ್ದು. ಮುರಿದರೆ ಟಪ್ ಅನ್ನಬೇಕು. ಬಾಗಿದರೆ ಥಂಡಿ ಹಿಡಿದಿದೆ ಅಂತ ತಿಳಿ, ಹಂಚಿನ ಮೇಲೆ ಮತ್ತೆ ಬಿಸಿ ಮಾಡು. ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡು. ಕರೆಂಟ್, ಗ್ಯಾಸ್ ಎರಡೂ ಇಲ್ಲದಿದ್ದರೂ ರೊಟ್ಟಿ, ಶೇಂಗಾ ಹಿಂಡಿ ಸಾಕು. ಹಿಂಡಿಗೂ ಗುರೆಳ್ಳು ಪುಡಿಗೂ ಇಂಗು ಹಾಕಿಲ್ಲ. ಅಂಗಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಇದು ನನಗೂ ತಡವಾಗಿ ಗೊತ್ತಾದದ್ದು.

ಉಳಿದದ್ದಕ್ಕೆ ದೊಡ್ಡ ಮಾಲ್‌ಗೆ ಹೋಗಿ ದುಡ್ಡು ಸುರಿಯಬೇಡ. ಕಿರಾಣಿಯವನ ಹತ್ತಿರ ಉಪವಾಸದ ಸಾಮಾನು ಕೇಳು: ಸಾಬೂದಾನಿ, ವರೈ ಅನ್ನುವ ಸಿರಿಧಾನ್ಯ, ರಾಜಗಿರಿ ಲಾಡು, ಶೇಂಗಾ ಚಿಕ್ಕಿ. ಏಕಾದಶಿ ಮಾಡುವವರಿಗೆ ಗೋಧಿ ವರ್ಜ್ಯ, ನಿನಗೆ ವರ್ಷವಿಡೀ ಏಕಾದಶಿ! ಆದರೂ ಪಾಕೀಟಿನ ಹಿಂದೆ ಓದದೆ ಕೊಳ್ಳಬೇಡ. ತೆಳು ಅವಲಕ್ಕಿ ಒಂದು ಕಿಲೋ ಇರಲಿ, ತಣ್ಣೀರಲ್ಲೇ ನೆನೆಯುತ್ತದೆ. ಜೊತೆಗಾರ್ತಿಯ ಓಟ್ಸ್ ಮುಟ್ಟಬೇಡ; ಗ್ಲೂಟೆನ್ ಇಲ್ಲ ಅಂತ ಬರೆದಿದ್ದರೆ ಬೇರೆ ಮಾತು. ಅವಳ ಚಪಾತಿ ಹಿಟ್ಟಿನ ಕೈ ನಿನ್ನ ಡಬ್ಬಿಗೆ ಬೀಳದಂತೆ ಹೆಸರು ಬರೆದಿಡು. ಕುಡಿಯುವ ನೀರಿನ ಎರಡು ಕ್ಯಾನೂ ತುಂಬಿರಲಿ.

ರೊಟ್ಟಿ ನಲವತ್ತೇ ಕಳಿಸುವವಳಿದ್ದೆ. ಮಳೆ ಶುರುವಾಗುವ ಮೊದಲೇ ಗಟ್ಟಿ ಮೊಸರು ಹಚ್ಚಿ ಹತ್ತು ಮುಗಿಸುತ್ತೀ ಅಂತ ಗೊತ್ತು.

ನಿನ್ನ ಅವ್ವ