ಅಲೆ ಕೆತ್ತಿದವನ ಹೆಸರು

ಪ್ರಿಯ ಮಾರಾಯ,

ಕ್ಷೇಮ. ನಿನ್ನ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಕೊಡುವುದಿಲ್ಲ.

ಜಪಾನಿನ ಚಿತ್ರಗಾರ ಹೊಕುಸಾಯಿಯ ಆ ನೀಲಿ ಅಲೆ ಗೊತ್ತಲ್ಲ? ಮಗ್ಗು, ಟೀ ಶರ್ಟು, ಮೊಬೈಲ್ ಕವರು, ಎಲ್ಲದರ ಮೇಲೂ ಇರುತ್ತದೆ. ಅದನ್ನು ಅವನೇ ಕುಂಚದಲ್ಲಿ ಬಳಿದದ್ದು ಅಂತ ಇಷ್ಟು ವರ್ಷ ನಂಬಿದ್ದೆ. ಅಲ್ಲವಂತೆ! 1831ರ ಸುಮಾರಿಗೆ ಎಡೋದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಮರದ ಅಚ್ಚಿನಿಂದ ಒತ್ತಿ ತೆಗೆದದ್ದು. ಚಿತ್ರಗಾರ ತೆಳು ಕಾಗದದ ಮೇಲೆ ಗೆರೆ ಬರೆದು ಕೊಡುತ್ತಾನೆ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಾನೆ. ಗೆರೆ ಉಳಿಯಿತು, ಮೂಲಚಿತ್ರ ಹೋಯಿತು. ಆಮೇಲೆ ಬಣ್ಣಗಳಿಗೆ ಬೇರೆ ಅಚ್ಚುಗಳು. ಕಳಲೆಯ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಕಾಗದದ ಬೆನ್ನುಜ್ಜಿ ಒತ್ತುವವನು ಇನ್ನೊಬ್ಬ.

ಇಂಥದೇ ಅಚ್ಚಿನ ಸುಂದರಿಯರ ಚಿತ್ರಗಳಲ್ಲಿ ಹಣೆಯಂಚಿನ ಕೂದಲು ನೋಡು. ಅದನ್ನು ಕೆತ್ತುವುದು ಪಳಗಿದ ಹಿರಿಯನ ಕೆಲಸ. ಬಟ್ಟೆಬರೆ ಕಿರಿಯರಿಗೆ. ನಾವು ಕುಂಚದ ನಾಜೂಕು ಅಂತ ಹೊಗಳುವುದು ಚೂರಿಯ ನಾಜೂಕು ಮಾರಾಯ.

ಅಲೆಯ ಚಿತ್ರದ ಎಡಮೂಲೆಯಲ್ಲಿ ಸಹಿ ಇದೆ: ಹೊಕುಸಾಯಿ ಹೋಗಿ ಇಯಿತ್ಸು ಆದವನ ಕುಂಚ, ಅಂತ. ಹುಡುಗನಾಗಿದ್ದಾಗ ಅವನೂ ಕೆತ್ತನೆ ಕಲಿತವನೇ. ಜೀವಮಾನದಲ್ಲಿ ಮೂವತ್ತು ಹೆಸರು ಬದಲಿಸಿದನಂತೆ. ಕೆತ್ತಿದವನಿಗೆ ಒಂದನ್ನಾದರೂ ಕೊಡಬಾರದಿತ್ತಾ?

ಹೀಗೆ ಬೈದುಕೊಳ್ಳುತ್ತಿದ್ದಾಗಲೇ ನನ್ನ ಆ ಕಥೆ ನೆನಪಾಯಿತು. ಬಹುಮಾನ ಬಂದದ್ದು. ನಾನು ನಿನಗೆ ಕೊಟ್ಟದ್ದು ಹದಿನಾಲ್ಕು ಪುಟ. ನೀನು ಒಂದು ರಾತ್ರಿ ಕೂತು ಐದು ಮಾಡಿದೆ. ಅಜ್ಜಿ ಬಾಗಿಲು ತೆಗೆಯದ ಆ ಕೊನೆಯೂ ನಿನ್ನದೇ. ವೇದಿಕೆಯಲ್ಲಿ ಯಾರೋ ಕೇಳಿದರು, ಆ ಕೊನೆ ಹೇಗೆ ಹೊಳೆಯಿತು ಅಂತ. 'ಸುಮ್ನೆ, ಬರೀತಾ ಬರೀತಾ ಬಂತು' ಅಂದೆ. ನೀನು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ. ನಾನು ಮನೆಗೆ ಬಂದು ಆ ಹದಿನಾಲ್ಕು ಪುಟ ಒಲೆಗೆ ಹಾಕಿದೆ. ಯಾರ ಕೈಗೂ ಸಿಗಬಾರದು ಅಂತ.

ಇದನ್ನು ಬರೆಯಲು ಕೂತಿರಲಿಲ್ಲ. ಕೊಡೆಯ ಬಗ್ಗೆ ನಾಲ್ಕು ಸಾಲು ಅಂದುಕೊಂಡಿದ್ದೆ.

ಇರಲಿ. ಬಹುಮಾನದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿನ್ನ ಮೀನೂಟಕ್ಕೇ ಹೋಯಿತು ಅನ್ನುವುದೂ ಇದನ್ನು ಓದುವವರಿಗೆಲ್ಲ ಗೊತ್ತಿರಲಿ. ಆ ಕಾಣೆ ಫ್ರೈ ಎರಡು ಪ್ಲೇಟು, ನೆನಪಿದೆಯಾ?

ಈ ಪತ್ರವನ್ನು ಮೊದಲು ನಿನಗೆ ತೋರಿಸಲಿಲ್ಲ. ಉದ್ದವಾಗಿದೆ ಅಲ್ವಾ?

ನಿನ್ನ,
ಕೊಡೆಕಳ್ಳ