ಒಳಗೆ ಇಡುವ ಮಾತ್ರೆಯನ್ನು ಹೇಳಿ ಕೊಡಿ

ಮಾನ್ಯ ಸಂಪಾದಕರೇ,

ಹೆಂಗಸರು ಯೋನಿಯೊಳಗೆ ಇಟ್ಟುಕೊಳ್ಳಬೇಕಾದ ಮಾತ್ರೆಗಳನ್ನು ನಮ್ಮ ಗೌರಿಬಿದನೂರು ಕಡೆ ಎಷ್ಟೋ ಔಷಧಿ ಅಂಗಡಿಗಳಲ್ಲಿ ಪೇಪರಿನಲ್ಲಿ ಸುತ್ತಿ ಸುಮ್ನೆ ಕೈಗಿಡುತ್ತಾರೆ. ಹೇಗೆ ಬಳಸಬೇಕು ಅಂತ ಒಂದು ಮಾತಿಲ್ಲ. ನಾನು ನಿವೃತ್ತ ನರ್ಸ್. ಅಕ್ಕಪಕ್ಕದವರು ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ.

ಈಚೆಗೆ ನಮ್ಮ ಬೀದಿಯ ಬಸುರಿ ಹೆಣ್ಣುಮಗಳೊಬ್ಬಳು ಪ್ರೊಜೆಸ್ಟರಾನ್ (ಬಸಿರು ನಿಲ್ಲಲು ಬೇಕಾದ ಹಾರ್ಮೋನು) ಕ್ಯಾಪ್ಸೂಲ್ ನುಂಗುತ್ತಿದ್ದಳು. ಒಳಗೆ ಇಡಬೇಕು ಎಂದು ಡಾಕ್ಟರ ಚೀಟಿಯಲ್ಲಿತ್ತು, ಇಂಗ್ಲಿಷಿನ ಎರಡೇ ಅಕ್ಷರದಲ್ಲಿ. ಅಂಗಡಿಯವರು ಸ್ಟ್ರಿಪ್ ಮೇಲೆ ಪೆನ್ನಿನಲ್ಲಿ 0-0-1, ಅಂದರೆ ರಾತ್ರಿ ಒಂದು, ಎಂದಷ್ಟೇ ಗೀಚಿದ್ದರು. ಬೆಳಿಗ್ಗೆ ಎದ್ದರೆ ತಲೆಸುತ್ತು, ಮಂಪರು. ಬಸಿರಿನ ಸುಸ್ತು ಅಂದುಕೊಂಡು ಅವಳ ಅತ್ತೆ ಮಜ್ಜಿಗೆ ಕುಡಿಸುತ್ತಿದ್ದರು. ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ.

ಆ ಕ್ಯಾಪ್ಸೂಲನ್ನು ನುಂಗಲೂ ಕೊಡುತ್ತಾರೆ, ನಿಜ. ಆದರೆ ನುಂಗಿದ ಔಷಧಿ ಕರುಳಿನಿಂದ ಮೊದಲು ಲಿವರ್‌ಗೆ ಹೋಗಿ ಅಲ್ಲೇ ಬಹುಪಾಲು ಒಡೆದುಹೋಗುತ್ತದೆ. ರಕ್ತಕ್ಕೆ ಸೇರುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಾಗೆ ಒಡೆದದ್ದೇ ಮಂಪರು ತರುವುದು. ಯೋನಿಯಲ್ಲಿ ಇಟ್ಟರೆ ಪಕ್ಕದಲ್ಲೇ ಇರುವ ಗರ್ಭಕೋಶಕ್ಕೆ ನೇರ ಸೇರುತ್ತದೆ. ಸೊಂಟಕ್ಕೆ ಚುಚ್ಚುವ ಎಣ್ಣೆ ಇಂಜೆಕ್ಷನ್ನಿನಿಂದ ರಕ್ತದಲ್ಲಿ ಔಷಧಿ ಜಾಸ್ತಿ ಕಾಣಬಹುದು. ಆದರೆ ಗರ್ಭಕೋಶಕ್ಕೆ ಜಾಸ್ತಿ ಸಿಗುವುದು ಒಳಗಿಟ್ಟಾಗಲೇ. ಚುಚ್ಚಿಸಿಕೊಳ್ಳುವ ನೋವೂ ಇಲ್ಲ.

ಬಿಳಿಸೆರಗು, ತುರಿಕೆಗೆ ಕೊಡುವ ಕ್ಲೋಟ್ರಿಮಜೋಲ್ ಮಾತ್ರೆಯ ರೀತಿ ಬೇರೆ. ಅದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಇಟ್ಟಲ್ಲೇ ನಿಂತು ಕೆಲಸ ಮಾಡಬೇಕು. ಅದಕ್ಕೇ ರಾತ್ರಿ ಮಲಗುವ ಮುಂಚೆ ಇಡುವುದು. ಹಗಲು ಇಟ್ಟು ಓಡಾಡಿದರೆ ಜಾರಿ ಬರುತ್ತದೆ. ಮುಟ್ಟು ನಿಂತವರಿಗೆ ಒಳಗೆ ತೇವ ಕಡಿಮೆ. ಮಾತ್ರೆ ಪೂರ್ತಿ ಕರಗದೆ ಚೂರುಚೂರಾಗಿ ಹೊರಬರಬಹುದು. ಅಂಥವರು ಕ್ರೀಮ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಲಿ. ಇನ್ನು ಕೆಲವರು ಬೆಳಿಗ್ಗೆ ಬಟ್ಟೆಯ ಮೇಲೆ ಬಿಳಿ ಕಲೆ ಕಂಡು, ಔಷಧಿಯೆಲ್ಲ ಹೋಯಿತು ಅಂತ ಹೆದರಿ ಇನ್ನೊಂದು ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಬೇಡಿ ತಾಯಂದಿರೇ. ಮಾತ್ರೆ ಕರಗಿ ಉಳಿದದ್ದು ಸ್ವಲ್ಪ ಹೊರಬರುವುದು ಮಾಮೂಲು.

ಇಷ್ಟು ಹೇಳಲು ಎರಡು ನಿಮಿಷ ಸಾಕು, ಅಲ್ವಾ? ಅಂಗಡಿಯಲ್ಲಿ ಗಂಡಸರೇ ಇದ್ದು ಸಂಕೋಚವಾದರೆ ಸ್ಟ್ರಿಪ್ ಮೇಲೆ ‘ನುಂಗಬೇಡಿ, ಒಳಗೆ ಇಡಿ’ ಎಂದು ಕನ್ನಡದಲ್ಲಿ ಬರೆದು ಕೊಡಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ಆಶಾ ಕಾರ್ಯಕರ್ತೆಯರ ಸಭೆಯಲ್ಲೂ ಇದನ್ನು ಹೇಳಿಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ನರ್ಸ್, ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ