ದೇವರೊಬ್ಬನೇ ಸಾಕು ಎಂದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಹೋದ ಸಲ ಮಾತಾಡುವಾಗ ನೀನು "ಈ ವಯಸ್ಸಿಗೆ ಇನ್ಯಾರು ಬೇಕು, ದೇವರೊಬ್ಬನಿದ್ದರೆ ಸಾಕು" ಎಂದೆ. ಆಗ ನಾನು ಏನೂ ಹೇಳಲಿಲ್ಲ. ನಿನ್ನ ನಂಬಿಕೆಗೆ ಎದುರಾಡಲು ಮನಸ್ಸು ಬರಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡುತ್ತಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ನಿನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಾರ್ಥನೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ದಿನಗಳಲ್ಲಿ ನಿನ್ನ ಪಕ್ಕ ಕೂತು ಎದ್ದು ಹೋಗದ ಜನರೂ ಇದ್ದರಲ್ಲ? ಅವರನ್ನೂ ದೇವರೇ ಕಳಿಸಿದ್ದು ಎಂದು ಆಗ ಹೇಳಿದವನು ನೀನೇ.

2016ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ಸುಮಾರು 74,000 ನರ್ಸ್‌ಗಳ ಬದುಕನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು. ವಾರಕ್ಕೆ ಒಂದಕ್ಕಿಂತ ಜಾಸ್ತಿ ಸಲ ಸಾಮೂಹಿಕ ಪ್ರಾರ್ಥನೆಗೆ ಹೋಗುವವರಲ್ಲಿ ಸಾವಿನ ಪ್ರಮಾಣ, ಎಂದೂ ಹೋಗದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು. ಪ್ರಾರ್ಥನೆಯೇ ಇದಕ್ಕೆ ಕಾರಣ ಎಂದು ಖಚಿತವಾಗಿ ಹೇಳಲಾಗದು. ನನ್ನ ಗಮನ ಸೆಳೆದದ್ದು ಬೇರೆ. ಕಾರಣ ಹುಡುಕಿದಾಗ, ಅಲ್ಲಿ ಸಿಗುವ ಜನರ ಆಸರೆಗೂ ಅದರಲ್ಲಿ ಮುಖ್ಯ ಪಾಲು ಕಂಡಿತು. ಒಟ್ಟಿಗೆ ಕೂತು ಬೇಡುವುದರಲ್ಲಿ ಏನೋ ಇದೆ ಕಣೋ.

ನೂರು ಜನ ಬೇಕೆಂದು ನಾನು ಹೇಳುತ್ತಿಲ್ಲ. ವಯಸ್ಸಾದಂತೆ ಪರಿಚಯಗಳು ಉದುರಿ, ಹತ್ತಿರದವರಷ್ಟೇ ಉಳಿಯುವುದು ಸಹಜ. ಉಳಿದಿರುವ ಸಮಯ ಕಡಿಮೆ ಎಂದು ತಿಳಿದಾಗ ಮನಸ್ಸೇ ಆರಿಸಿಕೊಳ್ಳುತ್ತದೆ ಎನ್ನುತ್ತಾರೆ ಇದನ್ನು ಅಧ್ಯಯನ ಮಾಡಿದ ಲಾರಾ ಕಾರ್ಸ್ಟೆನ್ಸನ್. ನೀನು ಆ ಹತ್ತಿರದವರನ್ನೂ ಬಿಡುತ್ತಿದ್ದೀಯಲ್ಲ, ಅದೇ ನನ್ನ ಸಂಕಟ.

ನೇರವಾಗಿ ಹೇಳಲಾ? ನೀನು ಹಿಂದೆ ಸರಿಯುತ್ತಿರುವುದು ಭಕ್ತಿಯಿಂದಲ್ಲ, ಕಿವಿಯಿಂದ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನಿನಗೆ ಹಿಡಿಯಲು ಆಗುವುದಿಲ್ಲ. ಮತ್ತೆ ಮತ್ತೆ "ಏನಂದೆ?" ಎಂದು ಕೇಳಲು ಸಂಕೋಚ. ಎಲ್ಲರೂ ನಕ್ಕಾಗ ನೀನೂ ಸುಮ್ನೆ ನಗುತ್ತೀಯ. ಆಮೇಲೆ ಬರುವುದನ್ನೇ ಬಿಟ್ಟೆ. ದೇವರ ಜೊತೆ ಮಾತಾಡಲು ಕಿವಿ ಬೇಕಿಲ್ಲ, ಅಲ್ವಾ?

"ದನಿ ಕೇಳುತ್ತೆ, ಮಾತು ಗೊತ್ತಾಗಲ್ಲ" ಎನ್ನುತ್ತಿದ್ದೆ. ಅದು ನಿನ್ನ ಮನಸ್ಸಿನ ಮಂಕಲ್ಲ. ವಯಸ್ಸಾದಾಗ ಮೊದಲು ಹೋಗುವುದು ಸಣ್ಣ, ಚೂಪು ದನಿಗಳು. 'ಸ', 'ಶ' ಇಂಥವು ಕೈಕೊಡುತ್ತವೆ. ಸ್ವರಗಳು ಉಳಿಯುತ್ತವೆ. ಹಾಗಾಗಿ ಮಾತು ಅರ್ಧ ಮಾತ್ರ ತಲುಪುತ್ತದೆ. ಇದನ್ನು ಕಡೆಗಣಿಸಬೇಡ. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ಕೊಟ್ಟ ವರದಿಯಲ್ಲಿ, ನಾವು ಸರಿಪಡಿಸಿಕೊಳ್ಳಬಹುದಾದ 12 ಅಪಾಯಗಳ ಪಟ್ಟಿ ಇದೆ. ಕಿವಿ ಮಂದವಾಗುವುದೂ ಅದರಲ್ಲಿದೆ, ಜನರಿಂದ ದೂರವಾಗುವುದೂ ಇದೆ. ನಿನ್ನಲ್ಲಿ ಎರಡೂ ಜೊತೆಯಾಗಿವೆ. ಹಿಯರಿಂಗ್ ಏಡ್ ಹಾಕಿದ ದಿನವೇ ಎಲ್ಲ ಸರಿಯಾಗುವುದಿಲ್ಲ, ಮಿದುಳು ಒಗ್ಗಿಕೊಳ್ಳಲು ಸಮಯ ಬೇಕು. ಆದರೂ ಶುರು ಮಾಡಬೇಕು.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ನನಗೆ ನಿನ್ನಷ್ಟು ಗಟ್ಟಿ ನಂಬಿಕೆ ಇಲ್ಲ. ಕೆಲವು ರಾತ್ರಿ ಪ್ರಾರ್ಥನೆ ಬಾಯಿಗೇ ಬರುವುದಿಲ್ಲ. ಅಂಥ ಹೊತ್ತಲ್ಲಿ, ನೀನು ನನಗಾಗಿಯೂ ಬೇಡಿಕೊಂಡಿರುತ್ತೀಯ ಎಂದು ನೆನೆದರೆ ನಿದ್ದೆ ಹತ್ತುತ್ತದೆ. ನಿನಗೂ ಒಂದು ದಿನ ಹಾಗೆ ಬಾಯಿ ಕಟ್ಟಬಹುದು. ಆಗ ನನ್ನ ಅರೆಬರೆ ನಂಬಿಕೆಯನ್ನೇ ಇಟ್ಟುಕೋ. ಒಬ್ಬನೇ ಇದ್ದರೆ ಅದನ್ನು ಯಾರು ಕೊಡುತ್ತಾರೆ ಹೇಳು?

ಕಿವಿ ತೋರಿಸಲು ಒಂದು ದಿನ ಗೊತ್ತುಮಾಡು, ನಾನೂ ಜೊತೆಗೆ ಬರುತ್ತೇನೆ. ಅಲ್ಲಿಯವರೆಗೆ ಗುಂಪು ಬೇಡ, ನಾವಿಬ್ಬರೇ ಸಾಕು. ಎದುರಿಗೆ ಕೂತು ನಿಧಾನಕ್ಕೆ ಮಾತಾಡುತ್ತೇನೆ. ನಿನ್ನ ಸಂಜೆಯ ಪ್ರಾರ್ಥನೆಗೆ ನನ್ನನ್ನೂ ಸೇರಿಸಿಕೋ. ಯಾವತ್ತಿನಿಂದ ಬರಲಿ, ತಿಳಿಸು.

ನಿನ್ನ ಗೆಳೆಯ